ಇಂಬಳಕ್ಕೊಂದು ಗಂಟು

ನಮ್ಮ ಸೂಟ್‌ಕೇಸು ತೆರೆದರೆ ಎರಡು ಹೋಳು.
ಎಡಕ್ಕೆ ಆಫೀಸು: ಇಸ್ತ್ರಿ ಮಾಡಿದ ಎರಡು ಕುರ್ತಾ,
ಕೊರಳಿಗೆ ಹಾಕುವ ಗುರುತಿನ ಚೀಟಿ, ಚಾರ್ಜರು.
ಬಲಕ್ಕೆ ರಜೆ: ಇಂಪನಳ ಟೋಪಿ, ಚನ್ನವೀರನ ಹಳೇ ಬೂಟು,
ಚಕ್ಕುಲಿ ತುಂಬಿದ ಹಾರ್ಲಿಕ್ಸ್ ಡಬ್ಬಿ.
ನಡುವೆ ಒಂದು ಜಿಪ್ಪು. ಅದು
ಹೋದ ವರ್ಷವೇ ಕೆಟ್ಟಿದೆ.

ವಿನೋಬನಗರದ ಮನೆಯ ಹಿಂದಿನ ಕೋಣೆಯಲ್ಲಿ ಕೂತು
ಯಾವುದೋ ಊರಿನ ಮೊಣಕಾಲು, ಯಾವುದೋ ಊರಿನ ಕಣ್ಣಿನ ಪೊರೆ,
ಆಸ್ಪತ್ರೆ ಬಿಲ್ಲುಗಳಿಗೆ ಹೌದು, ಅಲ್ಲ ಎನ್ನುವುದು ನನ್ನ ಕೆಲಸ.
ಬಾಗಿಲು ಹಾಕಿದ್ದರೆ ಅಮ್ಮ ಊರಲ್ಲಿಲ್ಲ,
ಅದು ಇಂಪನಳ ಲೆಕ್ಕ.
ಹಾಲಿನವ ಕೇಳಿದರೂ ಹಾಗೇ ಹೇಳುತ್ತಾಳೆ:
'ಅಮ್ಮ ಹೈದರಾಬಾದಲ್ಲಿದಾಳೆ. ಹನ್ನೊಂದಕ್ಕೆ ಕಾಫಿಗೆ ಬರ್ತಾಳೆ.'

ನಿಜವಾದ ಹೈದರಾಬಾದು ಮೂರು ತಿಂಗಳಿಗೊಮ್ಮೆ.
ಈ ಸಲ ಅದು ದಸರಾ ರಜೆಯ ಮೇಲೇ ಬಂದು ಕೂತಿತು,
ಬಸ್ಸಿನಲ್ಲಿ ಕರ್ಚೀಫು ಹಾಸಿಟ್ಟ ಸೀಟಿನ ಮೇಲೆ
ಯಾರೋ ಕೂತ ಹಾಗೆ.
ಬುಧವಾರದ ಕವಲೇದುರ್ಗ ಸೋಮವಾರಕ್ಕೆ ಬಂತು,
ಸೋಮವಾರದ್ದು ಭಾನುವಾರಕ್ಕೆ.
ಭಾನುವಾರವೇ ನನಗೆ ನಾಲ್ಕು ಕಾಸು, ಎಂದು ಗೊಣಗುತ್ತಲೇ
ಚನ್ನವೀರ ಕನ್ನಡಕದ ಅಂಗಡಿಗೆ ಬೀಗ ಹಾಕಿ ಬಂದ.

ಕೋಟೆಯ ಮೂರನೇ ಬಾಗಿಲ ಹತ್ತಿರ
ಇದ್ದಕ್ಕಿದ್ದಂತೆ ಎರಡು ಗೀಟು ಸಿಗ್ನಲ್ಲು.
ಫೋನು ಅದಕ್ಕೇ ಕಾದಿದ್ದಂತೆ ಕೂಗಿತು.
ಎಂದೋ ಕಾವಲುಗಾರರು ಕೂರುತ್ತಿದ್ದ ಕಲ್ಲಿನ ಮೇಲೆ ಕೂತು
'ಹಾಂ ಸರ್, ನಾಳೆ ಬೆಳಿಗ್ಗೆಯೇ ಸರ್' ಎನ್ನುತ್ತಿದ್ದೆ.
ಇಂಪನ ಪಕ್ಕಕ್ಕೆ ಬಂದಳು. ಚಪ್ಪಟೆ ಕಲ್ಲೊಂದನ್ನು
ತೊಡೆಯ ಮೇಲಿಟ್ಟುಕೊಂಡು
ಹತ್ತೂ ಬೆರಳಿನಿಂದ ಕುಟ್ಟತೊಡಗಿದಳು.
ಅವಳ ಕಾಲ್ಬೆರಳ ಸಂದಿಯಲ್ಲಿ ಒಂದು ಇಂಬಳ,
ನಿಧಾನವಾಗಿ, ಯಾವ ಮೀಟಿಂಗೂ ಇಲ್ಲದಂತೆ.
ನಾನು ನೋಡಿದೆ.
ಮ್ಯೂಟ್ ಎಲ್ಲಿದೆ ಎಂದು ಹೆಬ್ಬೆರಳು ಹುಡುಕುವಷ್ಟರಲ್ಲಿ
ಚನ್ನವೀರ ಬಗ್ಗಿ ಬಟ್ಟೆಯ ಗಂಟು ಒತ್ತಿದ:
ಉಪ್ಪು, ಸುಣ್ಣ, ಹೊಗೆಸೊಪ್ಪು. ಅದು ಉದುರಿತು.
ಮಗಳು ಅಳಲಿಲ್ಲ. ಅಪ್ಪನಿಗೆ
'ಶ್, ಕಾಲ್‌ನಲ್ಲಿದೀನಿ' ಎಂದಳು.

ತುದಿಯವರೆಗೂ ಹೋದೆವು, ಇಲ್ಲ ಎನ್ನುವಂತಿಲ್ಲ.
ಕೊಳದ ಬಳಿ ಚಕ್ಕುಲಿ ತಿಂದೆವು. ಫೋಟೋದಲ್ಲಿ
ಮೂವರೂ ನಗುತ್ತಿದ್ದೇವೆ. ನನ್ನ ಕೈ ಜೇಬಿನ ಮೇಲಿದೆ.

ಮಂಗಳವಾರ, ಸೋಗಾನೆಯ ವಿಮಾನ ನಿಲ್ದಾಣ.
ಯಂತ್ರ ನನ್ನ ಚೀಲ ನುಂಗಿತು, ಉಗುಳಲಿಲ್ಲ.
ತಡಕಿದಾಕೆ ತಳದಿಂದ ಎತ್ತಿದ್ದು ಹಳದಿ ಗಂಟು,
ನನ್ನದೇ ಹಳೇ ದುಪಟ್ಟಾದ ಚೂರು,
ಕೂದಲಿನ ರಬ್ಬರು ಮೂರು ಸುತ್ತು.
'ಏನಿದು?' ನನಗೂ ಗೊತ್ತಿಲ್ಲ ಎನ್ನುವುದರೊಳಗೆ
ಆಕೆಯೇ ಮೂಸಿ ನಕ್ಕಳು. 'ಇಂಬಳಕ್ಕಾ?
ನಮ್ಮಜ್ಜಿ ಮನೆ ಮೇಗರವಳ್ಳಿ.'
ಗಂಟು ವಾಪಸ್ಸು ಚೀಲಕ್ಕೆ.

ಹದಿನಾಲ್ಕನೇ ಮಹಡಿ. ಸುತ್ತ ಗಾಜು.
ಸುಗುಣಾಕರ್ ಸರ್ ಪರದೆಯ ಮೇಲೆ
ಮುಂದಿನ ಮೂರು ತಿಂಗಳನ್ನು ಬಣ್ಣದ ಚೌಕಗಳಾಗಿ ಹಂಚುತ್ತಿದ್ದರು.
ಡಿಸೆಂಬರಿನ ಕೊನೆಯ ವಾರಕ್ಕೆ ಬಂದು
'ಎಲ್ಲರಿಗೂ ಆಗುತ್ತಲ್ಲ?' ಎಂದರು.
ಮೇಜಿನ ಕೆಳಗೆ ನನ್ನ ಕೈ ಗಂಟನ್ನು ಹಿಸುಕುತ್ತಿತ್ತು.
ಘಾಟು ಎ.ಸಿ. ಗಾಳಿಗೆ ಏರಿ
ಪಕ್ಕದವರು ಸೀನಿದರು, ಎರಡು ಸಲ.
'ಇಪ್ಪತ್ತಾರರಿಂದ ನನಗಾಗಲ್ಲ ಸರ್.'
ದನಿ ಬೇಕಾದ್ದಕ್ಕಿಂತ ಜೋರಾಯಿತು.
ಅವರು ಒಂದು ಚೌಕ ಬಿಳಿ ಮಾಡಿದರು. ಆಮೇಲೆ
ಅದರೊಳಗೆ ಒಂದು ಪ್ರಶ್ನೆಯ ಗುರುತು ಇಟ್ಟರು.

ರಾತ್ರಿ ಹೋಟೆಲಿನಿಂದ ಫೋನು ಮಾಡಿದೆ.
'ಅಲ್ಲಿ ಇಂಬಳ ಇದಾವಾ?'
'ಇಲ್ಲ ಕಣೇ.'
'ಸರಿಯಾಗಿ ನೋಡು. ಕಚ್ಚಿದ್ದು ಗೊತ್ತೇ ಆಗಲ್ವಂತೆ.'
ಹಾಸಿಗೆಯ ಅಂಚಿಗೆ ಕೂತು
ಸಾಕ್ಸು ಬಿಚ್ಚಿ ನೋಡಿದೆ.